ಸೈಕಲ್ ಬಿಟ್ಟವರ ಲೆಕ್ಕ

ಬಾಟಲಿಯ ಗೋಂದು ಒಣಗಿ ಕಲ್ಲಾಗಿತ್ತು. ಗ್ರೀಷ್ಮಾ ಕೆಳಗಿನ ಅಡುಗೆಕೋಣೆಗೆ ಹೋಗಿ, ಕುಚ್ಚಲಕ್ಕಿಯ ಅಗುಳು ಅಂಟುವುದಿಲ್ಲವೆಂದು ಬೆಳ್ತಿಗೆ ಅಕ್ಕಿಯ ಬಿಳಿ ಅನ್ನವನ್ನೇ ಹುಡುಕಿ, ತಟ್ಟೆಯಲ್ಲಿ ಒಂದು ಹಿಡಿ ತಂದಳು. ಒಂದೊಂದೇ ಅಗುಳನ್ನು ಹೆಬ್ಬೆರಳಲ್ಲಿ ಅರೆದು ಫೋಟೋದ ಬೆನ್ನಿಗೆ ಹಚ್ಚುವುದು, ಅರ್ಜಿಯ ಕೊನೆಯ ಹಾಳೆಯ ಚೌಕದಲ್ಲಿ ಕೂರಿಸುವುದು, ಶಾಲಿನ ತುದಿಯಿಂದ ಒತ್ತುವುದು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಮೂವರೂ ಸಾಲಾಗಿ ಅನ್ನದ ಮೇಲೆ ಕುಳಿತರು. ಅಧ್ಯಕ್ಷರ ಫೋಟೋದಲ್ಲಿ ಇಪ್ಪತ್ತು ವರ್ಷ ಹಿಂದಿನ ಕೂದಲಿತ್ತು.

ಯಜ್ಞನಾರಾಯಣ ಭಟ್ ಮಾಸ್ಟ್ರು ಅರ್ಜಿಯ ಉಳಿದ ಹಾಳೆಗಳನ್ನು ಓದುತ್ತಿದ್ದರು. ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಕೈಗೆ ಕಾಗದ ಬಂದ ಕೂಡಲೇ ಎದುರಿಗಿರುವವರೆಲ್ಲ ಅವರಿಗೆ ತರಗತಿಯಾಗಿಬಿಡುತ್ತಾರೆ.

ಅದು ಮಂಗಳೂರಿನ ಅತ್ತಾವರದ ಒಂದು ಅಡ್ಡರಸ್ತೆಯಲ್ಲಿರುವ ಚಿತ್ತರಂಜನ ಶೆಟ್ಟರ ಹೋಟೆಲಿನ ಮಹಡಿ. ಬಾಗಿಲಿನ ಮೇಲೆ 'ಫ್ಯಾಮಿಲಿ ರೂಮ್' ಎಂಬ ಬೋರ್ಡಿದೆ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಅಲ್ಲಿ ಕೂರುವ ಫ್ಯಾಮಿಲಿ ಎಂದರೆ ಇವರೇ ಮೂವರು. ಫ್ರೆಂಡ್ಸ್ ಸರ್ಕಲ್ ಎಂಬ ಅವರ ಸಂಘಕ್ಕೆ ಅಧ್ಯಕ್ಷರು ಶೆಟ್ಟರು, ಇಡೀ ರಸ್ತೆಗೆ ಅವರು ಚಿತ್ತಣ್ಣ. ಕಾರ್ಯದರ್ಶಿ ಮಾಸ್ಟ್ರು. ಖಜಾಂಚಿ ಮಸ್ಕತ್‌ನಿಂದ ಮರಳಿ ಬಂದ ಇರ್ವಿನ್. ಗ್ರೀಷ್ಮಾ ಸರ್ಕಲಿನಲ್ಲಿ ಏನೂ ಅಲ್ಲ, ಹೋಟೆಲಿನ ಕೆಲಸದವಳು. ಸುತ್ತಲಿನ ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆ ನಿಲ್ಲುವವರಿಗೆ ಗಂಜಿ, ಊಟ ತಲುಪಿಸುತ್ತಾಳೆ. ದಿನಕ್ಕೆ ಮೂರು ಸುತ್ತು, ಸೈಕಲಿನಲ್ಲಿ. ಎಂಟು ವರ್ಷದ ಹಿಂದೆ, ಅಮ್ಮ ಹಾಸಿಗೆ ಹಿಡಿದಾಗ, ಒಂಬತ್ತನೆಯ ತರಗತಿಯ ನಡುವಿನಲ್ಲಿ ಶಾಲೆ ನಿಲ್ಲಿಸಿದವಳು. ಆದರೂ ಅಕ್ಷರ ದುಂಡಗಿತ್ತು. ಅರ್ಜಿಯ ಪಕ್ಕಾ ಪ್ರತಿ ಬರೆಯುವ ಕೆಲಸ ಅವಳ ಪಾಲಿಗೆ ಬಂದದ್ದು ಹಾಗೆ.

ಅರ್ಜಿ ಹೋಗಬೇಕಾದದ್ದು ಧಾರವಾಡದ ಒಂದು ಪ್ರತಿಷ್ಠಾನಕ್ಕೆ. ಸೈಕಲ್ ಬಳಕೆ ಹೆಚ್ಚಿಸಲು ಮುಂದೆ ಬರುವ ಕೇರಿಗಳಿಗೆ ಅವರು ಅನುದಾನ ಕೊಡುತ್ತಾರೆ: ಹನ್ನೆರಡು ಸೈಕಲ್, ಅವನ್ನು ನಿಲ್ಲಿಸಲು ಶೆಡ್ಡು, ಹೆಂಗಸರಿಗೆ ಸೈಕಲ್ ಕಲಿಸಲು ಅದೇ ಕೇರಿಯ ಒಬ್ಬ ತರಬೇತುದಾರಳಿಗೆ ಒಂದು ವರ್ಷದ ಸಂಬಳ. ಅರ್ಜಿ ಕನ್ನಡದಲ್ಲಿದ್ದ ಕಾರಣ ಮೂವರೂ ಆ ದಿನ ತುಳುವನ್ನು ಬದಿಗಿಟ್ಟು ಕನ್ನಡದಲ್ಲೇ ಮಾತಾಡಿದರು, ಅರ್ಜಿಗೆ ಕೇಳಿಸೀತು ಎನ್ನುವ ಹಾಗೆ.

"ಮೊದಲನೇ ಪ್ರಶ್ನೆ," ಎಂದರು ಮಾಸ್ಟ್ರು. "'ಸಂಘದ ಪದಾಧಿಕಾರಿಗಳಿಗೂ ಸೈಕಲಿಗೂ ಇರುವ ಸಂಬಂಧ.'"

"ಎಂತ ಸಂಬಂಧ ಮಾರಾಯ?" ಎಂದರು ಚಿತ್ತಣ್ಣ. "ಹೆಣ್ಣು ನೋಡ್ಲಿಕ್ಕೆ ಬಂದವರ ಹಾಗೆ ಕೇಳ್ತಾರಲ್ಲ."

"ನಿನ್ನದು ದೂರದ ಸಂಬಂಧ ಅಂತ ಬರೆಯುವ," ಎಂದರು ಇರ್ವಿನ್.

ಚಿತ್ತಣ್ಣನ ಮನೆಯಿಂದ ಹೋಟೆಲಿಗೆ ನೂರೈವತ್ತು ಹೆಜ್ಜೆ. ಏರು ಇದೆಯೆಂದು ಅವರು ಕಾರಿನಲ್ಲಿ ಬರುತ್ತಾರೆ. ಹೋಗುವಾಗ ಇಳಿಜಾರು, ಆದರೆ ಕಾರನ್ನು ಮನೆಗೆ ಮುಟ್ಟಿಸಬೇಕಲ್ಲ ಎಂದು ಕಾರಿನಲ್ಲೇ ಹೋಗುತ್ತಾರೆ.

"ನೀನೆಂತ ಹೇಳುದು?" ಚಿತ್ತಣ್ಣ ಬಿಡಲಿಲ್ಲ. "ಮಸ್ಕತ್ತಿಂದ ಎಕ್ಸರ್‌ಸೈಜ್ ಸೈಕಲ್ ಹೊತ್ತುಕೊಂಡು ಬಂದೆ. ಈಗ ಅದರಲ್ಲಿ ನಿನ್ನ ಹೆಂಡತಿ ಟವೆಲ್ ಒಣಗಿಸುದು."

"ಟವೆಲ್ ಆದ್ರೂ ಹತ್ತಿ ಕೂತಿದೆ. ನಿನ್ನ ಮನೆಯಲ್ಲಿ ಅದೂ ಇಲ್ಲ."

"ನಾನು ಬಿಟ್ಟಿದ್ದೇನೆ," ಎಂದರು ಮಾಸ್ಟ್ರು ಗಂಭೀರವಾಗಿ. "ಹನ್ನೊಂದು ವರ್ಷ ಶಾಲೆಗೆ ಸೈಕಲಲ್ಲೇ ಹೋದದ್ದು."

"ಆಮೇಲೆ?"

"ಆಮೇಲೆ ಚರಂಡಿ."

ಗ್ರೀಷ್ಮಾ ತಲೆ ತಗ್ಗಿಸಿ ಇನ್ನೊಂದು ಅಗುಳನ್ನು ಸುಮ್ಮನೆ ಅರೆದಳು. ನಗು ಬಂದರೆ ಅವಳು ಕೈಗೆ ಏನಾದರೂ ಕೆಲಸ ಕೊಡುತ್ತಾಳೆ.

ನಾಲ್ಕನೆಯ ಪ್ರಶ್ನೆಯೇ ದೊಡ್ಡದು. 'ನಿಮ್ಮ ಪ್ರದೇಶದಲ್ಲಿ ಸೈಕಲ್ ಬಿಟ್ಟವರು ಎಷ್ಟು ಮಂದಿ? ಕಾರಣಗಳೇನು? ಹದಿನೆಂಟು ವರ್ಷ ಮೇಲ್ಪಟ್ಟವರನ್ನು ಮಾತ್ರ ಲೆಕ್ಕಿಸಿ.'

"ಮನೆ ಮನೆ ಕೇಳಬೇಕು," ಎಂದರು ಮಾಸ್ಟ್ರು.

"ಗ್ರೀಷ್ಮಾ ಹೇಗೂ ಆ ದಾರಿಯಲ್ಲೇ ಹೋಗುದಲ್ವಾ?" ಎಂದರು ಚಿತ್ತಣ್ಣ. ಫೋಟೋ ಅಂಟಿಸಿಯಾದರೆ ಅರ್ಜಿ ಮುಕ್ಕಾಲು ಮುಗಿದ ಹಾಗೆ ಎಂದು ಅವರ ನಂಬಿಕೆ. ಉಳಿದ ಕಾಲು ಭಾಗ ಗ್ರೀಷ್ಮಾಳಿಗೆ ಬಂತು.

ಅವಳು ನಾಲ್ಕು ದಿನ ಮನೆ ಮನೆಗೆ ಹೋದಳು. ಅಪರಿಚಿತರ ಗೇಟಿನ ಎದುರು ನಿಂತು ಬಾಯಿ ತೆರೆಯುವುದೆಂದರೆ ಅವಳಿಗೆ ಏರು ಹತ್ತುವುದಕ್ಕಿಂತ ಕಷ್ಟ. ಹಾಗಾಗಿ ಒಂದೇ ವಾಕ್ಯ ಬಾಯಿಪಾಠ ಮಾಡಿಕೊಂಡಳು: "ನಿಮ್ಮಲ್ಲಿ ಸೈಕಲ್ ಬಿಟ್ಟವರು ಎಷ್ಟು ಮಂದಿ ಉಂಟು, ಯಾಕೆ ಬಿಟ್ಟದ್ದು?" ಈ ಊರಿನಲ್ಲಿ ಕಾರನ್ನೂ ಬಿಡುತ್ತಾರೆ, ಬಸ್ಸನ್ನೂ ಬಿಡುತ್ತಾರೆ, ಸೈಕಲನ್ನೂ ಬಿಡುತ್ತಾರೆ. ಮಂಗಳೂರಿನ ಯಾರನ್ನು ಕೇಳಿದರೂ ಬಿಡುವುದೆಂದರೆ ಹತ್ತಿ ಓಡಿಸುವುದು. ಅವಳು ಕೇಳಿದವರೆಲ್ಲ ಖುಷಿಯಿಂದ ಹೇಳಿದರು. ಒಬ್ಬರು ಕೂಳೂರು ಸೇತುವೆ ದಾಟಿ ಕೆಲಸಕ್ಕೆ ಬಿಟ್ಟದ್ದು, ಪೆಟ್ರೋಲ್ ಖರ್ಚಿಲ್ಲವೆಂದು. ಇನ್ನೊಬ್ಬರು ಡಾಕ್ಟರು ಹೇಳಿದ ಮೇಲೆ ಬಿಟ್ಟದ್ದು, ಮೊಣಕಾಲಿಗೆ ಒಳ್ಳೆಯದೆಂದು. ಸೈಕಲ್ ರಿಪೇರಿಯ ನೂರ್ ಮುಹಮ್ಮದ್ ಕಾಕ ತಾನು ಮದುವೆಗೆ ಮುಂಚೆ ಉಳ್ಳಾಲದವರೆಗೆ ಬಿಟ್ಟದ್ದನ್ನು ಅರ್ಧ ಗಂಟೆ ಹೇಳಿ, ಸ್ಕೂಟರ್ ಸ್ಟಾರ್ಟ್ ಮಾಡಿ ಊಟಕ್ಕೆ ಹೋದರು. ತನ್ನನ್ನೂ ಸೇರಿಸಿ ಒಟ್ಟು ಅರವತ್ತಮೂರು ಮಂದಿ.

ಆ ಅರ್ಜಿಯಲ್ಲಿ ಗ್ರೀಷ್ಮಾ ಮತ್ತೆ ಮತ್ತೆ ಓದಿದ್ದು ನಾಲ್ಕನ್ನಲ್ಲ, ಒಂಬತ್ತನ್ನು. 'ತರಬೇತುದಾರಳ ಹೆಸರು. ವಿದ್ಯಾರ್ಹತೆ, ಇದ್ದಲ್ಲಿ.' ಆ 'ಇದ್ದಲ್ಲಿ' ಎಂಬ ಒಂದು ಮಾತು ಅವಳ ತಲೆಯಿಂದ ಹೋಗಲಿಲ್ಲ. ಅವಳು ಇದುವರೆಗೆ ನೋಡಿದ ಯಾವ ಕಾಗದವೂ ಹಾಗೆ ಕೇಳಿರಲಿಲ್ಲ. ಎಲ್ಲವೂ ಎಸ್ಸೆಸ್ಸೆಲ್ಸಿಯ ವರ್ಷ ಕೇಳಿ ಅಲ್ಲೇ ಬಾಗಿಲು ಹಾಕಿದ್ದವು. ಸೈಕಲ್ ಕಲಿಸಲು ಅವಳಿಗೆ ಬರುತ್ತಿತ್ತು. ಪಾತ್ರೆ ತೊಳೆಯುವ ಇಬ್ಬರು ಹೆಂಗಸರಿಗೆ ಹೋಟೆಲಿನ ಹಿಂದಿನ ಜಾಗದಲ್ಲಿ ಕಲಿಸಿಯೂ ಇದ್ದಳು. ಆ ಕೆಲಸ ತನಗೆ ಬೇಕು ಎಂದು ಅವಳಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಹೇಳದಿದ್ದರೆ ಗೊತ್ತಾಗುವುದು ಹೇಗೆ?

ಪಕ್ಕಾ ಪ್ರತಿ ಬರೆಯುವ ದಿನ ಚಿತ್ತಣ್ಣ ಒಂಬತ್ತನ್ನು ಒಂದೇ ಉಸಿರಿಗೆ ಮುಗಿಸಿದರು. "ಸಂಚಿತಾ. ಎಂಬಿಎ. ಬರಿ."

"ನಿನ್ನ ಮಗಳಿಗೆ ಸೈಕಲ್ ಬರ್ತದಾ?" ಎಂದರು ಇರ್ವಿನ್.

"ಎಂಬಿಎ ಆದವಳಿಗೆ ಸೈಕಲ್ ಬರುದಿಲ್ವಾ?"

ಗ್ರೀಷ್ಮಾ ಬರೆದಳು. ಸಂಚಿತಾ ಸಿ. ಶೆಟ್ಟಿ, ಎಂಬಿಎ. ಅಕ್ಷರ ಎಂದಿನಂತೆ ದುಂಡಗೇ ಬಂತು.

ಕೊನೆಗೆ ಘೋಷವಾಕ್ಯ. ಅದನ್ನು ಮಾಸ್ಟ್ರು ಮೂರು ದಿನ ಕೂತು ರಚಿಸಿದ್ದರು. ಎದ್ದು ನಿಂತು ಓದಿದರು: "ಕಾರು ಬಿಟ್ಟು ಸೈಕಲ್ ಬಿಡಿ!"

"ಭಾರೀ ಆಯ್ತು ಮಾಸ್ಟ್ರೆ," ಎಂದರು ಚಿತ್ತಣ್ಣ. "ಬ್ಯಾನರ್ ಮಾಡಿಸುವ."

ಗ್ರೀಷ್ಮಾ ಅದನ್ನು ಬರೆದು, ಇನ್ನೊಮ್ಮೆ ಓದಿದಳು. ಮೊದಲನೆಯ ಬಿಡುವುದು ಒಂದು, ಎರಡನೆಯದು ಇನ್ನೊಂದು. ಈ ಊರಿನವರಿಗೆ ಸರಿ. ಧಾರವಾಡದವರು ಎರಡನ್ನೂ ಒಂದೇ ಮಾಡಿ ಓದಿದರೆ? ಆಗ ನಾಲ್ಕನೆಯ ಪ್ರಶ್ನೆ ಕೇಳಿದ್ದೂ ಬೇರೆಯೇ ಆಗುತ್ತದಲ್ಲ?

"ಮಾಸ್ಟ್ರೆ, ಇಲ್ಲಿ ತುಳಿಯಿರಿ ಅಂತ ಹಾಕಿದ್ರೆ..."

"ತುಳಿಯುದಾ?" ಮಾಸ್ಟ್ರ ಹುಬ್ಬು ಮೇಲೆ ಹೋಯಿತು. "ಆಯುಧಪೂಜೆಗೆ ಹೂ ಹಾಕಿ ಕುಂಕುಮ ಇಡುವ ವಸ್ತುವನ್ನು ತುಳಿಯುದು ಅಂತ ನಾನು ಬರೆಯುದಾ? ಛೆ. ಚಹಾ ಆಯ್ತಾ ನೋಡು ಮಗಾ."

ಗ್ರೀಷ್ಮಾ ಚಹಾ ತಂದಳು, ಬಿಸಿ ಬಿಸಿ ಬನ್ಸ್ ಕೂಡ. ಸಂಜೆ ಅರ್ಜಿ ಅಂಚೆಗೆ ಬಿತ್ತು.

ಮೂರು ವಾರದ ಮೇಲೆ, ಒಂದು ಸೋಮವಾರ ಮಧ್ಯಾಹ್ನ, ಫ್ಯಾಮಿಲಿ ರೂಮಿನಲ್ಲಿ ಚಿತ್ತಣ್ಣನ ಫೋನ್ ರಿಂಗಾಯಿತು. ಪ್ರತಿಷ್ಠಾನದ ಮೇಡಂ. ಚಿತ್ತಣ್ಣ ಸ್ಪೀಕರ್ ಹಾಕಿ ಫೋನನ್ನು ಮೇಜಿನ ನಡುವಿಗಿಟ್ಟು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

"ನಮಸ್ಕಾರ್ರೀ. ನಿಮ್ಮ ಅರ್ಜಿ ಬಂದದ. ಅಕ್ಷರ ಭಾಳ ಛಂದ ಅದಾವ. ಆದ್ರ ನನಗ ಒಂದು ತಿಳೀವಲ್ದು. ಅರವತ್ತಮೂರು ಮಂದಿ ಸೈಕಲ್ ಬಿಟ್ಟಾರ ಅಂತ ಬರದೀರಿ."

"ಹೌದು ಮೇಡಂ. ಇನ್ನೂ ಜಾಸ್ತಿ ಆಗ್ತದೆ," ಎಂದರು ಚಿತ್ತಣ್ಣ. "ನೀವು ಅನುದಾನ ಕೊಟ್ರೆ ಎಲ್ಲರೂ ಬಿಡ್ತಾರೆ."

ಆಚೆ ಹಾಳೆ ಮಗುಚಿದ ಸದ್ದು ಕೇಳಿತು.

"ನಾವು ರೊಕ್ಕ ಕೊಟ್ರ ಎಲ್ಲಾರೂ ಬಿಡ್ತಾರ?"

"ಗ್ಯಾರಂಟಿ! ಹೆಂಗಸರು ಸಹ ಬಿಡ್ತಾರೆ."

"ಯಾಕ್ ಬಿಟ್ರು ಅಂದ್ರ, ಮೊಣಕಾಲಿಗೆ ಛಲೋ, ಡಾಕ್ಟರ್ ಹೇಳ್ಯಾರ, ಪೆಟ್ರೋಲ್ ಉಳೀತದ ಅಂತ ಬರದೀರಲ್ರೀ?"

"ಹೌದಲ್ಲ. ಬಿಟ್ರೆ ಮೊಣಕಾಲಿಗೆ ಒಳ್ಳೆದೇ."

"ಹಂಗಾರ ನಿಮಗ ಹನ್ನೆರಡು ಸೈಕಲ್ ಯಾತಕ್ಕ ಬೇಕ್ರೀ?"

"ಬಿಡ್ಲಿಕ್ಕೆ!" ಎಂದರು ಚಿತ್ತಣ್ಣ ಮತ್ತು ಇರ್ವಿನ್ ಒಟ್ಟಿಗೇ. ಇಷ್ಟು ದೊಡ್ಡ ಕಚೇರಿಯಲ್ಲಿ ಕೂತವರಿಗೆ ಇಷ್ಟೂ ತಿಳಿಯದೇ ಎಂದು ಇರ್ವಿನ್ ಕಣ್ಣಲ್ಲೇ ಕೇಳಿದರು.

"ಮತ್ತ ಈ ಘೋಷವಾಕ್ಯ. ಕಾರೂ ಬಿಟ್ಟು ಸೈಕಲ್ಲೂ ಬಿಟ್ಟು ಮಂದಿ ಏನ್ ಮಾಡ್ಬೇಕ್ರೀ? ಓಣಿ ತುಂಬ ನಡ್ಕೋತ ಹೋಗಬೇಕೇನು?"

ಮಾಸ್ಟ್ರ ಮುಖ ಮೆಲ್ಲಗೆ ಬಣ್ಣ ಬದಲಾಯಿಸಿತು. ಅವರಿಗೆ ಹೊಳೆದಿತ್ತು. ಆದರೆ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದವರು ಅದನ್ನು ತಾವಾಗಿ ಹೇಳುವುದುಂಟೇ? ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಚಿತ್ತಣ್ಣ ಫೋನಿನ ಕಡೆ ಬಾಗಿ, ಮೇಡಂಗೆ ಕಿವಿ ಕೇಳುವುದಿಲ್ಲವೆಂಬಂತೆ, "ಬಿಡುದು ಮೇಡಂ, ಬಿ-ಡು-ದು!" ಎಂದು ಕೂಗಿದರು.

ಮೇಡಂ ಫೋನ್ ಇಟ್ಟುಬಿಟ್ಟರೆ ಎಲ್ಲ ಮುಗಿಯಿತು. ಬಾಗಿಲಲ್ಲಿ ನಿಂತಿದ್ದ ಗ್ರೀಷ್ಮಾ ಚಹಾದ ಟ್ರೇ ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಬಂದಳು. "ಮೇಡಂ, ನಮ್ಮಲ್ಲಿ ಬಿಡುವುದು ಅಂದ್ರೆ ತುಳಿಯುವುದು."

"ಏನಂದ್ರಿ?"

"ಸೈಕಲ್ ಬಿಡ್ತೇವೆ ಅಂದ್ರೆ ಸೈಕಲ್ ಹತ್ತಿ ಹೋಗ್ತೇವೆ ಅಂತ. ನೀವು ಕೇಳಿದ್ದು ನಿಲ್ಲಿಸಿದವರನ್ನು. ನಾವು ಬರೆದದ್ದು ಓಡಿಸಿದವರನ್ನು."

ಆಚೆ ಕಡೆಯಿಂದ ನಗು ಕೇಳಿತು. ಬಹಳ ಹೊತ್ತು ಕೇಳಿತು. ಮೇಡಂ ಆಫೀಸಿನ ಯಾರಿಗೋ ಅದನ್ನು ಹೇಳಿದರು, ಅವರೂ ನಕ್ಕರು. "ಯಾರವ್ವಾ ನೀನು? ನೀನೂ ಬಿಡ್ತೀಯೇನು?"

"ದಿನಾ ಬಿಡ್ತೇನೆ."

ಮೇಡಂ ಶನಿವಾರದವರೆಗೆ ಗಡುವು ಕೊಟ್ಟರು. ಹೊಸ ಅರ್ಜಿ ನಮೂನೆ ಕಳಿಸುತ್ತೇವೆ, ನಾಲ್ಕನ್ನು ಸರಿಮಾಡಿ. ಮತ್ತೊಂದು: ಒಂಬತ್ತರಲ್ಲಿ ಹೆಸರಿರುವಾಕೆ ನಿಮ್ಮ ಊರಿನ ಏರು ಹತ್ತುವ ಒಂದು ಸಣ್ಣ ವಿಡಿಯೋ ಜೊತೆಗಿರಲಿ.

ಫೋನ್ ಇಟ್ಟ ಮೇಲೆ ಇರ್ವಿನ್ ಮಾಸ್ಟ್ರ ಕಡೆ ತಿರುಗಿದರು. "ಮಾಸ್ಟ್ರೆ, ಘೋಷವಾಕ್ಯ ಬಿಡುವ, ಅಲ್ವಾ?"

"ಯಾವ ಅರ್ಥದಲ್ಲಿ?" ಎಂದರು ಮಾಸ್ಟ್ರು ಸಿಟ್ಟಿನಿಂದ.

ಸಂಚಿತಾಳನ್ನು ಏರಿಗೆ ಸಿದ್ಧಮಾಡಲು ನಾಲ್ಕು ದಿನವಿತ್ತು. ಮರುದಿನ ಬೆಳಿಗ್ಗೆ ಅವಳು ಹೊಸ ಶೂ, ಹೊಸ ಟೀಶರ್ಟ್, ತಂಪು ಕನ್ನಡಕ ಹಾಕಿಕೊಂಡು ಹೋಟೆಲಿನ ಹಿಂದಿನ ಜಾಗಕ್ಕೆ ಬಂದಳು. ಸೈಕಲಿನ ಸ್ಟ್ಯಾಂಡ್ ತೆಗೆಯುವಷ್ಟರಲ್ಲಿ ಅದರ ಜೊತೆಗೇ ಮಲಗಿದಳು.

"ಕೆಳಗೆ ನೋಡ್ಬೇಡಿ ಸಂಚಿತಕ್ಕ. ಆ ಬಾವಿಕಟ್ಟೆ ನೋಡಿ," ಎಂದಳು ಗ್ರೀಷ್ಮಾ ಸೀಟು ಹಿಡಿದು.

"ಬಾವಿ ನೋಡಿಕೊಂಡು ಹೋದ್ರೆ ಬಾವಿಗೇ ಬೀಳ್ತೇನೆ ಮಾರಾಯ್ತಿ!"

"ಬೀಳುದಿಲ್ಲ. ಹೆಗಲು ಸಡಿಲ ಬಿಡಿ. ಕೈಯಲ್ಲಿ ಅಷ್ಟು ಬಿಗಿ ಹಿಡಿದ್ರೆ ಸೈಕಲಿಗೆ ಹೆದರಿಕೆ ಆಗ್ತದೆ. ಹಾಂ, ತುಳಿಯಿರಿ. ನಿಲ್ಲಿಸಬೇಡಿ, ನಿಲ್ಲಿಸಿದ್ರೇ ಬೀಳುದು. ಈಗ ತುಳಿಯಿರಿ, ತುಳಿಯಿರಿ."

ಸೈಕಲಿನ ಹಿಂದೆ ಓಡುವಾಗ ಗ್ರೀಷ್ಮಾಳ ಬಾಯಿಂದ ಮಾತು ತಾನಾಗಿ ಬರುತ್ತಿತ್ತು. ಫ್ಯಾಮಿಲಿ ರೂಮಿನಲ್ಲಿ ಒಂದು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಆ ಬೆಳಿಗ್ಗೆ ಆಡಿದಳು. ಗುರುವಾರದ ಹೊತ್ತಿಗೆ ಸಂಚಿತಾ ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಬೀಳದೆ ಹೋದಳು. ತಿರುಗಿಸಲು ಬಾರದೆ ತುಳಸಿಕಟ್ಟೆಗೆ ತಾಗಿ ನಿಂತಳು.

ಚಿತ್ತಣ್ಣನ ಹೆಂಡತಿ ಶಶಿಪ್ರಭಾ ಅಡುಗೆಕೋಣೆಯ ಬಾಗಿಲಿನಿಂದ ನೋಡುತ್ತಿದ್ದರು. "ಅಪ್ಪನ ಹಾಗೆಯೇ," ಎಂದರು. "ಹೊರಟದ್ದು ಗೊತ್ತಾಗ್ತದೆ, ತಿರುಗುದು ಗೊತ್ತಾಗುದಿಲ್ಲ."

ಸಂಚಿತಾ ಬಾವಿಕಟ್ಟೆಯ ಮೇಲೆ ಕೂತು ತರಚಿದ ಮೊಣಕೈಗೆ ಬಾಯಿಂದ ಊದಿಕೊಳ್ಳುತ್ತ ಗ್ರೀಷ್ಮಾಳನ್ನು ಒಮ್ಮೆ ಸರಿಯಾಗಿ ನೋಡಿದಳು. "ನಿನಗೆ ಈ ಕೆಲಸ ಬೇಕು, ಅಲ್ವಾ?"

ಗ್ರೀಷ್ಮಾ ಸೈಕಲಿನ ಹ್ಯಾಂಡಲ್ ನೇರ ಮಾಡುವುದರಲ್ಲಿ ಮುಳುಗಿದಳು.

"ಹೇಳು ಮಾರಾಯ್ತಿ. ನನಗಂತೂ ಬೇಡ, ಪಪ್ಪನಿಗೆ ಇವತ್ತೇ ಹೇಳ್ತೇನೆ. ಆದ್ರೆ ನಿನ್ನದನ್ನು ನಾನು ಹೇಳ್ಲಿಕ್ಕಿಲ್ಲ. ಅದು ನೀನೇ ಹೇಳ್ಬೇಕು. ನಾನು ಹೇಳಿದ್ರೆ ಪಪ್ಪ ನಿನಗೆ ಉಪಕಾರ ಮಾಡಿದ ಹಾಗೆ ಮಾಡ್ತಾರೆ. ಆಮೇಲೆ ವರ್ಷವಿಡೀ ಅದನ್ನೇ ಹೇಳ್ತಾರೆ."

ಶುಕ್ರವಾರ ಮಧ್ಯಾಹ್ನ ಮೂವರೂ ಹೊಸ ನಮೂನೆಯ ಎದುರು ಕುಳಿತಿದ್ದರು. ಶಶಿಪ್ರಭಾ ಕೂಡ ಗಲ್ಲಾವನ್ನು ಬೇರೆಯವರಿಗೆ ಒಪ್ಪಿಸಿ ಮೇಲೆ ಬಂದಿದ್ದರು. ಈ ಸಲ ಬರೆಯುವುದು ತಾವೇ ಎಂದು ಮಾಸ್ಟ್ರು ಪೆನ್ನು ಹಿಡಿದಿದ್ದರು. ಕಳೆದ ಸಲ ತಪ್ಪಿದ್ದು ಅಕ್ಷರದಿಂದ ಎಂಬಂತೆ.

ನಾಲ್ಕನೆಯದಕ್ಕೆ ಗ್ರೀಷ್ಮಾ ಇನ್ನೊಮ್ಮೆ ಮನೆ ಮನೆಗೆ ಹೋಗಿ ಬಂದಿದ್ದಳು. ಈ ಸಲದ ಪ್ರಶ್ನೆ ಬೇರೆ: ಈಗಲೂ ತುಳಿಯುತ್ತೀರಾ? ಕೇಳಿದವರೆಲ್ಲ ಮೊದಲಿನಷ್ಟು ಖುಷಿಯಿಂದ ಹೇಳಲಿಲ್ಲ. ಬೈಕ್ ಬಂತು, ಏರು ಜಾಸ್ತಿ, ಬಸ್ಸಿನವರು ಜಾಗ ಕೊಡುವುದಿಲ್ಲ, ಜನ ಏನೆಂದಾರು.

"ಎಷ್ಟು?" ಎಂದರು ಮಾಸ್ಟ್ರು.

"ಅರವತ್ತೆರಡು."

ಮಾಸ್ಟ್ರು ಹಳೆಯ ಪ್ರತಿ ನೋಡಿದರು, ಹೊಸದನ್ನು ನೋಡಿದರು. "ಅಂದ್ರೆ ಬಿಟ್ಟವರೆಲ್ಲ ಬಿಟ್ಟಿದ್ದಾರೆ!"

"ಹಾಗಾದ್ರೆ ನಾವು ಮೊದಲು ಬರೆದದ್ದು ಸರಿಯೇ ಇತ್ತಲ್ಲ," ಎಂದರು ಚಿತ್ತಣ್ಣ. "ಒಂದು ಮಾತ್ರ ಹೆಚ್ಚುಕಮ್ಮಿ. ಆ ಮೇಡಂ ಸುಮ್ಮನೆ ನಮ್ಮ ಒಂದು ವಾರ ಹಾಳು ಮಾಡಿದ್ರು."

"ಒಂದು ಹೇಗೆ ಉಳಿಯಿತು?" ಎಂದರು ಇರ್ವಿನ್. "ಬಿಡದೆ ಬಿಡುವವರು ಯಾರು ಮಾರಾಯ ನಮ್ಮ ರಸ್ತೆಯಲ್ಲಿ?"

ಉತ್ತರ ಯಾರೂ ಹುಡುಕಲಿಲ್ಲ. ಗ್ರೀಷ್ಮಾ ಅಲ್ಲೇ ಬಾಗಿಲ ಬಳಿ ಇದ್ದಳು, ರಾತ್ರಿಯೂಟದ ಕ್ಯಾರಿಯರುಗಳನ್ನು ಒರೆಸುತ್ತ. ಮಾಸ್ಟ್ರು ಐದು, ಆರು, ಏಳು, ಎಂಟು ತುಂಬಿಸಿದರು. ಒಂಬತ್ತಕ್ಕೆ ಬಂದು ಪೆನ್ನು ನಿಂತಿತು.

"ಸಂಚಿತಾ ಆಗುದಿಲ್ಲ ಅಂದ್ಲು," ಎಂದರು ಚಿತ್ತಣ್ಣ. "ಮೊಣಕೈ ತೋರಿಸಿದ್ಲು. ಇನ್ನು ಯಾರನ್ನು ಹುಡುಕುದು ಹೇಳಿ. ನಾಳೆಗೆ ಮುಟ್ಟಬೇಕು."

"ನನ್ನ ತಂಗಿಯ ಮಗಳು ಒಬ್ಬಳುಂಟು, ಬಿಎಡ್," ಎಂದರು ಮಾಸ್ಟ್ರು. "ಆದ್ರೆ ಅವಳು ಇರುದು ಪುತ್ತೂರು."

"ಪುತ್ತೂರಿಂದ ಸೈಕಲಲ್ಲಿ ಬರ್ತಾಳಾ?" ಎಂದರು ಇರ್ವಿನ್.

"ನೀನೇ ಹೆಸರು ಕೊಡು ಹಾಗಾದ್ರೆ. ತಮಾಷೆ ಮಾಡ್ಲಿಕ್ಕೆ ಎಲ್ಲರಿಗೂ ಬರ್ತದೆ."

"ನನ್ನ ಹೆಂಡತಿ ಹೆಸರು ಹಾಕುವ. ಟವೆಲಿನ ಅನುಭವ ಉಂಟು."

ಶಶಿಪ್ರಭಾ ನಗಲಿಲ್ಲ. ಅವರು ಗ್ರೀಷ್ಮಾಳ ಕಡೆ ನೋಡಿದರು, ನೋಡಿ ಗಂಡನ ಕಡೆ ನೋಡಿದರು. ಇವಳು ಹೋದರೆ ಮೂರು ಸುತ್ತಿನ ಊಟ ಕೊಂಡೊಯ್ಯುವವರು ಯಾರು ಎಂಬ ಲೆಕ್ಕ ಅವರ ತಲೆಯಲ್ಲೂ ಇತ್ತು.

ಗ್ರೀಷ್ಮಾ ಬಟ್ಟೆಯನ್ನು ಮಡಚಿ ಕ್ಯಾರಿಯರಿನ ಮೇಲಿಟ್ಟಳು. ಇವತ್ತು ಸಂಜೆ ಹಾಳೆ ಲಕೋಟೆ ಸೇರಿ ಧಾರವಾಡದ ರಾತ್ರಿ ಬಸ್ಸಿಗೆ ಹೋಗುತ್ತದೆ. ಆಮೇಲೆ ಒಂಬತ್ತರಲ್ಲಿ ಬೇರೆ ಯಾರಾದರೂ ಒಂದು ವರ್ಷ ಕೂತಿರುತ್ತಾರೆ, ಬಿಎಡ್ಡೋ, ಟವೆಲೋ. ಕೈಗೆ ಕೊಡಲು ಯಾವ ಕೆಲಸವೂ ಉಳಿದಿರಲಿಲ್ಲ. ಅವಳು ಮೇಜಿನ ಹತ್ತಿರ ಬಂದು, ಮಾಸ್ಟ್ರ ಪೆನ್ನಿನ ತುದಿಯನ್ನೇ ನೋಡುತ್ತ ಹೇಳಿದಳು:

"ಒಂಬತ್ತರಲ್ಲಿ ನನ್ನ ಹೆಸರು ಬರೆಯಿರಿ ಮಾಸ್ಟ್ರೆ."

ಇರ್ವಿನ್ ಚಿತ್ತಣ್ಣನನ್ನು ನೋಡಿದರು. ಚಿತ್ತಣ್ಣ ಒರೆಸಿಟ್ಟ ಕ್ಯಾರಿಯರುಗಳನ್ನು ನೋಡಿದರು. ಮಾಸ್ಟ್ರು 'ವಿದ್ಯಾರ್ಹತೆ' ಎಂಬಲ್ಲಿಗೆ ಕಣ್ಣು ಇಳಿಸಿ, ಅದರ ಮುಂದಿನ 'ಇದ್ದಲ್ಲಿ' ಎಂಬ ಪದವನ್ನು ಓದುತ್ತ ಕುಳಿತರು.

"ಗ್ರೀಷ್ಮಾ ಅಂತ," ಎಂದಳು ಅವಳು. "ಬರೆಯಿರಿ."